ಆಗದೇ ಹೋದ ಗೋಲುಗಳು

ನಮ್ಮ ಪಕ್ಕದ ಮನೆಯವರು ಐಸ್ ಹಾಕಿಯ ದೊಡ್ಡ ಆಟಗಾರರು ಎಂದು ಭಾವ ಹೇಳಿದ ಬೆಳಿಗ್ಗೆ ನಾನು ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟು ಗೋಲು ಹೊಡೆದಿದಾರೆ?"

ಭಾವ ತಟ್ಟೆಯಲ್ಲಿದ್ದ ದೋಸೆಯನ್ನು ಎಂದೂ ಇಲ್ಲದ ಎಚ್ಚರದಿಂದ ಮುರಿಯತೊಡಗಿದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳಿಗೆ ಇಂಥ ಮೌನ ಎಲ್ಲಿಂದ ಹುಟ್ಟುತ್ತದೆ ಎಂದು ಗೊತ್ತಿರುತ್ತದೆ. ಎದುರಾಳಿಯ ಹತ್ತಿರ ಹೇಳಿಕೊಳ್ಳುವಂಥ ಅಂಕಿ ಇಲ್ಲ.

"ಅವರು ಫಾರ್ವರ್ಡ್ ಅಂದ್ರಲ್ಲ ಭಾವ? ಫಾರ್ವರ್ಡ್ ಅಂದ್ರೆ ಮುಂದೆ ನಿಂತು ಗೋಲು ಹೊಡೆಯೋರು ತಾನೆ?"

"ಹೊಡೆದಿದಾರೆ. ಆದ್ರೆ ಅವರ ಕೆಲಸ ಅದಲ್ಲ. ಬೇರೆಯವರು ಹೊಡೀದೇ ಇರೋ ಹಾಗೆ ನೋಡ್ಕೊಳ್ಳೋದು ಅವರ ಕೆಲಸ."

"ಅಡುಗೆಯವರು, ಆದ್ರೆ ಅಡುಗೆ ಮಾಡಲ್ಲ. ಪಕ್ಕದ ಮನೆಯವರು ಮಾಡೋದನ್ನ ತಡೀತಾರೆ. ಹಾಗಾ?"

ಒಲೆಯ ಮುಂದಿದ್ದ ಅಕ್ಕ ತಿರುಗದೆಯೇ ಹೇಳಿದಳು. "ರೀ, ಸುಮ್ನೆ ತಿಂಡಿ ತಿನ್ರೀ. ಅವಳಿಗೆ ಗುಡ್ ಮಾರ್ನಿಂಗ್ ಅಂದ್ರೂ ಯಾವ ಆಧಾರದ ಮೇಲೆ ಅಂತ ಕೇಳ್ತಾಳೆ."

ನಾನಿದ್ದದ್ದು ಅಮೆರಿಕದ ಪಶ್ಚಿಮ ಕರಾವಳಿಯ ನಾರ್ತ್ ಕ್ರೀಕಿನಲ್ಲಿ, ಅಕ್ಕ ಭಾವನ ಮನೆಯಲ್ಲಿ, ಗ್ಯಾರೇಜಿನ ಮೇಲಿನ ಕೋಣೆಯಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಯೂನಿವರ್ಸಿಟಿ ಡಿಸ್ಟ್ರಿಕ್ಟಿನ ಪ್ರಯೋಗಾಲಯಕ್ಕೆ ಹೋಗುವುದು, ಬೇರೆಯವರು ಬರೆದ ಪ್ರಬಂಧಗಳಲ್ಲಿ ತೂತು ಹುಡುಕುವುದು, ಸಂಜೆ ಬಂದು ಮನೆಯವರ ಮಾತಿನಲ್ಲಿ ತೂತು ಹುಡುಕುವುದು. ಮೈಸೂರಿನಲ್ಲಿ ಓದುವಾಗ ನಮ್ಮ ಕಾಲೇಜಿನ ತಂಡ ಊರೂರು ಸುತ್ತಿ ಪಾರಿತೋಷಕ ತರುತ್ತಿತ್ತು. ಪರ ಮಾತಾಡು ಅಂದರೆ ಪರ, ವಿರೋಧ ಅಂದರೆ ವಿರೋಧ. ಆ ತಂಡದಲ್ಲಿ ನನ್ನನ್ನು ಸದಾ ವಿರೋಧಕ್ಕೆ ಹಾಕುತ್ತಿದ್ದರು. ಅದು ನನ್ನ ಪ್ರತಿಭೆಯ ಕಾರಣಕ್ಕೆ ಎಂದು ನಾನೂ, ಸ್ವಭಾವದ ಕಾರಣಕ್ಕೆ ಎಂದು ಅಕ್ಕನೂ ಇವತ್ತಿಗೂ ವಾದಿಸುತ್ತೇವೆ.

ಭಾವನ ಅಭಿಮಾನಕ್ಕೆ ಕಾರಣವಿತ್ತು. ಅವರು ಕಂಪನಿಯ ಸರ್ವರುಗಳು ಬೀಳದಂತೆ ನೋಡಿಕೊಳ್ಳುವ ಎಂಜಿನಿಯರು. ನಲವತ್ತು ದಾಟಿದ ಮೇಲೆ ಯಾವುದೋ ಉತ್ಸಾಹಕ್ಕೆ ಬಿದ್ದು ಹತ್ತಿರದ ಐಸ್ ಅಂಗಳದ ಕ್ಲಬ್ಬಿನಲ್ಲಿ ದೊಡ್ಡವರ ತರಗತಿಗೆ ಸೇರಿದ್ದರು. ಅಲ್ಲಿ ಅವರಿಗೆ ಹೊರಡುವುದು ಬಂತು, ತಿರುಗುವುದು ಬಂತು. ನಿಲ್ಲುವುದು ಮಾತ್ರ ಬರಲಿಲ್ಲ. ಎದುರಿಗೆ ಗೋಡೆ ಸಿಕ್ಕಾಗ ನಿಲ್ಲುತ್ತಿದ್ದರು. ಇಂಥವರಿಗೆ ಪಕ್ಕದ ಮನೆಯಲ್ಲೇ ಒಬ್ಬ ವೃತ್ತಿಪರ ಆಟಗಾರ ಸಿಕ್ಕಿದರೆ ದೇವರೇ ಬಂದ ಹಾಗೆ.

ಆ ದೇವರು ಸ್ಲೊವಾಕಿಯಾದವರು. ನಲವತ್ತರ ಹತ್ತಿರದ ಆಳು. ಮೂಗು ಒಂದು ಕಡೆಗೆ ಹೊರಟು ಮಧ್ಯದಲ್ಲಿ ಮನಸ್ಸು ಬದಲಿಸಿ ಇನ್ನೊಂದು ಕಡೆಗೆ ತಿರುಗಿದಂತಿತ್ತು. ಆ ಮೂಗಿನ ಬಗ್ಗೆ ಅವರಿಗೆ ಬೇಸರವಿರಲಿಲ್ಲ, ತಲೆಗೂದಲಿನ ಬಗ್ಗೆ ಅಪಾರ ಹೆಮ್ಮೆಯಿತ್ತು. ತಾವು ಮಾಡುವ ಆಲೂಗಡ್ಡೆ ಕಡುಬಿನಂಥದ್ದು ಈ ಕಡಲ ತೀರದಲ್ಲೇ ಸಿಗುವುದಿಲ್ಲ ಎನ್ನುತ್ತಿದ್ದರು. ಅದಕ್ಕೆ ಹಾಕುವ ಕುರಿಹಾಲಿನ ಚೀಸಿಗಾಗಿ ಡುವಾಲ್ ಎಂಬ ಊರಿನ ಯಾವುದೋ ತೋಟದ ಮನೆಯವರೆಗೆ ಕಾರು ಓಡಿಸುತ್ತಿದ್ದರು. ಅಕ್ಕನ ಮಜ್ಜಿಗೆ ಅವರಿಗೆ ತಮ್ಮೂರಿನ ಕುರುಬರು ಕೊಡುತ್ತಿದ್ದ ಹುಳಿ ಪಾನಕದ ನೆನಪು ತಂದಿತ್ತಂತೆ. ಹೀಗಾಗಿ ನಮ್ಮ ಮನೆಯ ಸ್ಟೀಲ್ ಲೋಟಗಳು ಬೇಲಿಯ ಆಚೆ ಹೋಗುತ್ತಿದ್ದವು, ಕೆಲವು ವಾಪಸು ಬರುತ್ತಿದ್ದವು.

ಅವರ ವೃತ್ತಿಜೀವನದ ಕಥೆ ನನಗೆ ತಿಳಿದದ್ದು ಆ ಬೇಲಿಯ ಮೇಲೆಯೇ, ತುಂಡು ತುಂಡಾಗಿ. ಬೆಟ್ಟದ ಬುಡದ ಸಣ್ಣ ಪಟ್ಟಣದಲ್ಲಿ ಅವರು ಹುಡುಗನಾಗಿದ್ದಾಗ ಎಷ್ಟು ಗೋಲು ಹೊಡೆಯುತ್ತಿದ್ದರೆಂದರೆ ಊರ ಬೇಕರಿಯವನು ಇವರ ಫೋಟೋ ಕಿಟಕಿಯಲ್ಲಿ ಅಂಟಿಸಿದ್ದನಂತೆ. ಹದಿಹರೆಯದಲ್ಲೇ ಕೆನಡಾಕ್ಕೆ ಆಡಲು ಬಂದರು. ಬಂದು ನೋಡಿದರೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತಿದ್ದ ಪ್ರತಿಯೊಬ್ಬನ ಫೋಟೋವೂ ಯಾವುದೋ ಒಂದು ಊರಿನ ಬೇಕರಿಯಲ್ಲಿತ್ತು. ಕೋಚ್ ಹೇಳಿದನಂತೆ: ಹೊಡೆಯುವವರು ನನ್ನ ಹತ್ತಿರ ಬೇಕಾದಷ್ಟಿದ್ದಾರೆ, ತಡೆಯುವ ಫಾರ್ವರ್ಡ್ ಬೇಕು, ನೀನು ಆಗುತ್ತೀಯಾ? ಇವರಿಗೆ ಆಗ ಬರುತ್ತಿದ್ದ ಇಂಗ್ಲಿಷ್ ಪದ 'ಯೆಸ್' ಒಂದೇ.

ಆಮೇಲಿನದ್ದೆಲ್ಲ ಆ ಒಂದು ಪದದ ಪರಿಣಾಮ. ಅಮೆರಿಕದ ಸಣ್ಣ ಊರುಗಳು, ಉದ್ದುದ್ದ ಬಸ್ ಪ್ರಯಾಣ, ನಡುವೆ ಸ್ವಲ್ಪ ದಿನ ಅತಿ ದೊಡ್ಡ ಲೀಗು. ಮತ್ತೆ ಫಿನ್ಲೆಂಡ್, ಜರ್ಮನಿ, ಒಂದು ಚಳಿಗಾಲ ಕಜಕಿಸ್ತಾನ. ತಂಡದ ಒಬ್ಬನನ್ನು ಶಿಕ್ಷೆಗೆಂದು ಹೊರಗೆ ಕೂರಿಸಿ, ಉಳಿದವರು ಒಬ್ಬ ಕಡಿಮೆಯಾಗಿ ಆಡಬೇಕಾದಾಗಲೆಲ್ಲ ಕೋಚ್ ಇವರ ಹೆಗಲು ತಟ್ಟುತ್ತಿದ್ದ. ದೊಡ್ಡ ಲೀಗಿನಲ್ಲಿ ಇವರ ಹೆಸರಿಗಿದ್ದ ಗೋಲು ಒಂದೇ. ಅದೂ ಇವರು ಬೆನ್ನು ತಿರುಗಿಸಿ ಯಾರನ್ನೋ ಬೈಯುತ್ತಿದ್ದಾಗ ಜೊತೆಗಾರ ಹೊಡೆದ ಪಕ್, ಅಂದರೆ ಅವರಾಡುವ ರಬ್ಬರಿನ ಬಿಲ್ಲೆ, ಇವರ ಬೆನ್ನಿಗೆ ಬಡಿದು ಒಳಗೆ ಹೋದದ್ದು. ಎಲ್ಲರೂ ಬಂದು ತಬ್ಬಿಕೊಂಡಾಗ ಇವರಿಗೆ ವಿಷಯ ತಿಳಿಯಿತು. ಆ ಬಿಲ್ಲೆ ಈಗ ಅವರ ಅಡುಗೆಮನೆಯ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ನಿಂತಿದೆ.

ಆ ಬೇಸಿಗೆಯಲ್ಲಿ ಅವರ ಮುಂದೆ ಎರಡು ದಾರಿ ಇದ್ದವು. ಹೆಂಡತಿ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಮದುವೆಯಾದಾಗಿನಿಂದ ಆಟದ ಕಾಲವೆಂದರೆ ಅವರೊಂದು ದೇಶ, ಇವರೊಂದು ದೇಶ. ಜರ್ಮನಿಯ ಒಂದು ಕ್ಲಬ್ಬು ಇನ್ನೊಂದು ವರ್ಷ ಆಡಲು ಕರೆಯುತ್ತಿತ್ತು. ಇತ್ತ ಭಾವನ ಕ್ಲಬ್ಬಿನಲ್ಲಿ ಮುಖ್ಯ ಕೋಚಿನ ಜಾಗ ಖಾಲಿಯಾಗಿತ್ತು. ಅದು ಸಿಕ್ಕಿದರೆ ಇಲ್ಲೇ ಉಳಿಯುವುದು, ಸಿಗದಿದ್ದರೆ ಆಗಸ್ಟಿನಲ್ಲಿ ವಿಮಾನ ಹತ್ತುವುದು.

"ನಿಮ್ಮ ಹೆಂಡತಿ ಏನಂತಾರೆ?" ಎಂದು ಭಾವ ಕೇಳಿದ್ದರು.

"ನಿನಗೆ ಸರಿ ಅನಿಸಿದ್ದು ಮಾಡು ಅಂತಾಳೆ. ತುಂಬ ಮರ್ಯಾದೆಯಿಂದ ಹೇಳ್ತಾಳೆ. ಅದಕ್ಕೇ ನನಗೆ ಭಯ."

ಅವರು ಆಡಿದ್ದು ಇಂಗ್ಲಿಷಿನಲ್ಲಿ. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಭಯ ಎರಡರಲ್ಲೂ ಅಷ್ಟೇ ಇತ್ತು.

ಒಂದು ಭಾನುವಾರ ಹಿತ್ತಲಲ್ಲಿ ಭಾವನೂ ನಾನೂ ಇದೇ ವಿಷಯಕ್ಕೆ ಜಗಳವಾಡುತ್ತಿದ್ದೆವು. ವಾದದ ಹುಮ್ಮಸ್ಸಿನಲ್ಲಿ ನಾನು ಇಂಗ್ಲಿಷಿಗೆ ಹೊರಳಿ, ಸ್ಪರ್ಧೆಯ ದನಿಯಲ್ಲೇ ಹೇಳಿದೆ. ಆಗಿದ್ದಕ್ಕೆ ಸಾಕ್ಷಿ ಇರುತ್ತದೆ, ಆಗದೇ ಇದ್ದದ್ದಕ್ಕೆ ಏನು ಸಾಕ್ಷಿ? ಅವರಿದ್ದಾಗ ಗೋಲು ಆಗಲಿಲ್ಲ ಅನ್ನಬಹುದು. ಅವರಿಂದಲೇ ಆಗಲಿಲ್ಲ ಎಂದು ಹೇಗೆ ಹೇಳುವುದು?

"ಸರ್ವರ್ ಬೀಳದೇ ಇರೋ ದಿನ ನನಗೂ ಯಾರೂ ಥ್ಯಾಂಕ್ಸ್ ಹೇಳಲ್ಲಮ್ಮ," ಎಂದರು ಭಾವ, ಕನ್ನಡಕ್ಕೆ ಇಳಿದು. "ಹಾಗಂತ ನಾನು ಕೆಲಸ ಮಾಡ್ಲಿಲ್ಲ ಅಂತಲಾ?"

"ನಮ್ಮ ಹಿತ್ತಲಿಗೆ ಕರಡಿ ಬರಲ್ಲ. ಅಕ್ಕನ ರಂಗೋಲಿಗೆ ಹೆದರಿಕೊಂಡು ಬರಲ್ಲ ಅಂತ ಹೇಳ್ಲಾ?"

"ನನ್ನ ರಂಗೋಲಿ ಸುದ್ದಿಗೆ ಬರ್ಬೇಡ ಕಣೇ," ಎಂದಿತು ಅಡುಗೆಮನೆಯ ಕಿಟಕಿ.

ಅಷ್ಟರಲ್ಲಿ ಬೇಲಿಯ ಮೇಲೆ ಮೊದಲು ಕೂದಲು, ಆಮೇಲೆ ಮೂಗು ಕಾಣಿಸಿಕೊಂಡವು.

"ಇನ್ನೊಂದು ಸಲ ಹೇಳು," ಎಂದರು ಅವರು. "ಆ ಸಾಕ್ಷಿ ಮಾತು. ಕ್ಲಬ್ಬಿನವರೂ ಅದನ್ನೇ ಕೇಳ್ತಾರೆ. ಸದಸ್ಯರ ಸಭೆ ಮುಂದೆ ನಾನು ಮಾತಾಡಬೇಕಂತೆ. ನನಗೆ ಮಾತು ಬರಲ್ಲ. ನೀನು ಎದುರಾಳಿಯಾಗು."

ಹೀಗೆ ನಮ್ಮ ಹಿತ್ತಲಲ್ಲಿ ತಾಲೀಮು ಶುರುವಾಯಿತು. ನಾನು ವಿರೋಧ, ಅವರು ಪರ, ಭಾವ ತೀರ್ಪುಗಾರರು. ಗಂಟೆಗೆ ಅಕ್ಕನ ಸ್ಟೀಲ್ ಲೋಟ, ಬಾರಿಸಲು ಚಮಚ. ನಮ್ಮ ಕಡೆಯ ಸ್ಪರ್ಧೆಗಳ ಕಟ್ಟುನಿಟ್ಟನ್ನು ನಾನು ಅವರಿಗೆ ವಿವರಿಸಿದೆ. ಗಂಟೆ ಬಡಿದ ಮೇಲೆ ಆಡಿದ ಮಾತಿಗೆ ಅಂಕ ಬರುವುದಿಲ್ಲ, ಕಳೆಯುತ್ತಾರೆ. ವಾಕ್ಯ ಅರ್ಧದಲ್ಲಿದ್ದರೂ ನಿಲ್ಲಿಸಿ ಕೂರಬೇಕು. ಇದು ಅವರಿಗೆ ತಕ್ಷಣ ಹಿಡಿಸಿತು. ಐಸ್ ಮೇಲೂ ಹಾಗೆಯೇ ಅಂತೆ. ಒಬ್ಬ ಫಾರ್ವರ್ಡ್ ಒಂದು ಸಲಕ್ಕೆ ಆಡುವುದು ಒಂದು ನಿಮಿಷಕ್ಕೂ ಕಡಿಮೆ. ಮೈಯೆಲ್ಲ ಸುಸ್ತಾಗುವ ಹಾಗೆ ಓಡಿ, ಬಂದು ಬೆಂಚಿನ ಮೇಲೆ ಕೂತು, ಇನ್ನೊಬ್ಬನಿಗೆ ಜಾಗ ಬಿಡಬೇಕು. ಅದಕ್ಕೆ ಶಿಫ್ಟ್ ಅನ್ನುತ್ತಾರೆ. "ಜಾಸ್ತಿ ಹೊತ್ತು ನಿಂತವನು ಕಳ್ಳ," ಎಂದರು ಅವರು.

ನನ್ನ ಎರಡನೆಯ ಪಾಠ, ನನ್ನ ಕಾಲೇಜಿಗೆ ಅಷ್ಟೊಂದು ಪಾರಿತೋಷಕ ತಂದುಕೊಟ್ಟ ಪಾಠ, ಇನ್ನೂ ಮುಖ್ಯವಾದದ್ದು. ಮೊದಲು ಎದುರಾಳಿಯ ವಾದವನ್ನು ಎದುರಾಳಿಗಿಂತ ಚೆನ್ನಾಗಿ ಹೇಳಬೇಕು. ಸಭೆಯೆಲ್ಲ ತಲೆದೂಗಬೇಕು. ಆಮೇಲೆ ಅದನ್ನು ಒಡೆಯಬೇಕು.

ಮೊದಲ ಭಾಗದಲ್ಲಿ ಅವರು ಅದ್ಭುತವಾಗಿದ್ದರು. ಕಷ್ಟ ಎರಡನೆಯದರಲ್ಲಿ. ತಮ್ಮ ಪರವಾಗಿ ಮಾತಾಡಬೇಕಾದಾಗ ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. "ನಾನು... ಒಳ್ಳೆಯ ಜಾಗದಲ್ಲಿ ನಿಲ್ತೀನಿ," ಎನ್ನುತ್ತಿದ್ದರು. ಮುಗಿಯಿತು.

"ನಿಂತರೆ ಏನಾಗತ್ತೆ?" ಎಂದು ನಾನು.

"ಏನೂ ಆಗಲ್ಲ. ಅದೇ ವಿಷಯ."

"ಅದು ವಾದ ಅಲ್ಲ."

"ನೀನು ತುಂಬ ಕೆಟ್ಟವಳು," ಎಂದು ನಕ್ಕು ಮಜ್ಜಿಗೆ ಕುಡಿಯುತ್ತಿದ್ದರು. ಗಂಟೆಯಾಗಿದ್ದ ಆ ಲೋಟ ಖಾಲಿಯಾಗುವುದಕ್ಕೆ ಕಾದು ಭಾವ ಮತ್ತೆ ಅದನ್ನೇ ಬಾರಿಸುತ್ತಿದ್ದರು.

ಸಭೆಯ ಶನಿವಾರ ನಾವು ಮೂವರೂ ಹೋದೆವು. ಐಸ್ ಅಂಗಳದ ಮೇಲಿನ ಮಹಡಿಯಲ್ಲಿ ಗಾಜಿನ ಗೋಡೆಯ ಕೋಣೆ. ಕ್ಲಬ್ಬಿನ ಸದಸ್ಯರು ಮಡಿಸುವ ಕುರ್ಚಿಗಳಲ್ಲಿ ಕೂತಿದ್ದರು. ಅರ್ಧದಷ್ಟು ಜನ ಭಾವನಂಥ ಕಲಿಯುವವರು, ಉಳಿದವರು ಮಕ್ಕಳನ್ನು ಆಟಕ್ಕೆ ಹಾಕಿದ ಅಪ್ಪ ಅಮ್ಮಂದಿರು. ಎದುರಿಗೆ ಬಿಳಿಗೂದಲಿನ ಅಧ್ಯಕ್ಷೆ. ಅಕ್ಕನಿಗೂ ನನಗೂ ಮತವಿರಲಿಲ್ಲ, ಹಿಂದಿನ ಸಾಲಿನಲ್ಲಿ ಜಾಗ ಕೊಟ್ಟರು.

ಮೊದಲು ಮಾತಾಡಿದ್ದು ಇನ್ನೊಬ್ಬ ಉಮೇದುವಾರ. ಇಲ್ಲಿಯದೇ ಕಾಲೇಜು ತಂಡದಲ್ಲಿ ಗೋಲಿನ ಮೇಲೆ ಗೋಲು ಹೊಡೆದಿದ್ದ ಯುವಕ, ನಗುಮುಖದವನು. ಪರದೆಯ ಮೇಲೆ ಬಣ್ಣದ ಚಿತ್ರಗಳನ್ನು ತೋರಿಸುತ್ತಾ ಸೊಗಸಾಗಿ ಮಾತಾಡಿದ.

"ಇವನು ಚೆನ್ನಾಗಿದಾನೆ," ಎಂದಳು ಅಕ್ಕ ನನ್ನ ಕಿವಿಯಲ್ಲಿ. "ಕೊಟ್ಬಿಡ್ತಾರೆ ಅನ್ಸತ್ತೆ."

ಆಮೇಲೆ ನಮ್ಮವರು, ಅಂದರೆ ಪಕ್ಕದ ಮನೆಯವರು, ಎದ್ದರು. ಕೂದಲನ್ನು ನೀಟಾಗಿ ಬಾಚಿದ್ದರು. "ನನ್ನನ್ನು ನೀವು ಯಾಕೆ ತೆಗೆದುಕೊಳ್ಳಬಾರದು ಎಂದು ಮೊದಲು ಹೇಳುತ್ತೇನೆ," ಎಂದು ಶುರು ಮಾಡಿದರು. ನಾನು ಒಳಗೊಳಗೇ ಬೀಗಿದೆ. ದೊಡ್ಡ ಲೀಗಿನಲ್ಲಿ ಒಂದೇ ಗೋಲು, ಅದೂ ಬೆನ್ನಿನಿಂದ. ಮಕ್ಕಳು ಗೋಲು ಹೊಡೆಯುವುದನ್ನು ಕಲಿಯಲು ಬರುತ್ತಾರೆ, ನನಗೆ ಗೊತ್ತಿರುವುದು ಅದನ್ನು ಕೆಡಿಸುವುದು. ಯಾವ ಊರಿನಲ್ಲೂ ಹೆಚ್ಚು ಕಾಲ ಇದ್ದವನಲ್ಲ. ನಾನು ಮಾಡಿದ್ದಕ್ಕೆ ಸಾಕ್ಷಿ ಕೇಳಿದರೆ ತೋರಿಸಲು ಏನೂ ಇಲ್ಲ. ಒಂದೊಂದು ಮಾತಿಗೂ ತಲೆಗಳು ದೂಗಿದವು. ನನ್ನ ಕಾಲೇಜಿನ ದಿನಗಳಲ್ಲೂ ನಾನು ವಿರೋಧ ಪಕ್ಷವನ್ನು ಅಷ್ಟು ಚೆನ್ನಾಗಿ ಮಂಡಿಸಿರಲಿಲ್ಲ.

"ಆದರೆ," ಎಂದರು ಅವರು.

ಅದೇ ಕ್ಷಣಕ್ಕೆ ಅಧ್ಯಕ್ಷೆ ತಮ್ಮ ಸ್ಟೀಲ್ ಮಗ್ಗಿನ ಕಾಫಿಯನ್ನು ಕಲಕಿ, ಚಮಚವನ್ನು ಅದರ ಅಂಚಿಗೆ ಬಡಿದು ಕೆಳಗಿಟ್ಟರು. ಟಣ್.

ಅವರು ಬಾಯಿ ಮುಚ್ಚಿ ಕೂತುಬಿಟ್ಟರು.

ಅಕ್ಕ ನನ್ನ ಮೊಣಕೈ ಹಿಡಿದಳು. ಮುಂದಿನ ಸಾಲಿನಲ್ಲಿದ್ದ ಭಾವನ ಕುತ್ತಿಗೆ ನಿಧಾನವಾಗಿ ನನ್ನ ಕಡೆ ತಿರುಗಿತು. ಆ ನೋಟವನ್ನು ಅನುವಾದಿಸುವ ಅಗತ್ಯವಿಲ್ಲ.

"ಅಷ್ಟೇನಾ?" ಎಂದು ಅಧ್ಯಕ್ಷೆ ಕೇಳಿದರು.

"ಗಂಟೆ ಆಯಿತು," ಎಂದರು ನಮ್ಮವರು.

"ಯಾವ ಗಂಟೆ? ನಿಮಗೆ ಇನ್ನೂ ಸಮಯವಿದೆ. 'ಆದರೆ' ಅಂದಿರಿ. ಆದರೆ ಏನು?"

ಅವರು ಮತ್ತೆ ಎದ್ದು ನಿಂತರು. ಬಾಯಿ ತೆರೆದರು. ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟರು, ತೆಗೆದರು. ಗಾಜಿನಾಚೆ ಕೆಳಗೆ ಖಾಲಿ ಐಸ್ ಹೊಳೆಯುತ್ತಿತ್ತು. ಅದನ್ನೇ ನೋಡುತ್ತಾ ಹೇಳಿದರು. "ಆದರೆ ಮುಂದಿನದು ನನಗೆ ಹೇಳಲು ಬರಲ್ಲ. ಕೆಳಗೆ ಬನ್ನಿ. ತೋರಿಸುತ್ತೇನೆ. ನನಗೆ ಇವರು ಬೇಕು."

ಅವರ ಬೆರಳು ಭಾವನ ಕಡೆಗಿತ್ತು.

"ನಾನಾ?" ಎಂದರು ಭಾವ. ಕ್ಲಬ್ಬಿನಲ್ಲಿ ಅವರಿಗಿಂತ ಕೆಟ್ಟದಾಗಿ ಆಡುವವರು ಇರಲಿಲ್ಲ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸಭೆಗೆ ಸಭೆಯೇ ನಗುತ್ತಾ ಕೆಳಗಿಳಿಯಿತು.

ವ್ಯವಸ್ಥೆ ಸರಳ. ಕಾಲೇಜು ತಂಡದ ಆ ಯುವಕ ಬಿಲ್ಲೆ ಹಿಡಿದು ಬರಬೇಕು. ಗೋಲಿನ ಹತ್ತಿರ ನಿಂತ ಇನ್ನೊಬ್ಬ ಸದಸ್ಯನಿಗೆ ಅದನ್ನು ದಾಟಿಸಬೇಕು. ನಡುವೆ ಭಾವ. ಯುವಕ ಖುಷಿಯಿಂದಲೇ ಒಪ್ಪಿಕೊಂಡ. ನಮ್ಮವರು ಭಾವನ ಹಿಂದೆ ನಿಂತು ಅವರ ಅಂಗಿಯ ಬೆನ್ನಿಗೆ ಎರಡು ಬೆರಳು ಇಟ್ಟರು, ಅಷ್ಟೇ. ಯುವಕ ಬಂದ. ಬೆರಳು ಭಾವನನ್ನು ಒಂದು ಗೇಣು ಎಡಕ್ಕೆ ಸರಿಸಿತು. ಬಿಲ್ಲೆ ಬಂದು ಭಾವನ ಕೋಲಿಗೇ ಬಡಿಯಿತು. ಮತ್ತೆ ಬಂದ. ಬಿಲ್ಲೆ ಭಾವನ ಬೂಟಿಗೆ ಬಡಿಯಿತು. ಮೂರನೆಯ ಸಲ ಅವನು ದಾಟಿಸಲೇ ಇಲ್ಲ. ಜಾಗ ಹುಡುಕುತ್ತಾ ಹುಡುಕುತ್ತಾ ಮೂಲೆಗೆ ಹೋಗಿ ಸಿಕ್ಕಿಕೊಂಡ. ಸದಸ್ಯರು ಚಪ್ಪಾಳೆ ತಟ್ಟಿದರು.

ನನಗೆ ಸುಮ್ಮನಿರಲು ಆಗಲಿಲ್ಲ. ನಾನು ಯಾರ ಕಡೆಯವಳು ಎನ್ನುವುದು ಆ ಕ್ಷಣ ನನಗೇ ಮರೆತಿತ್ತು. ಗ್ಯಾಲರಿಯಿಂದ ಕೂಗಿದೆ. "ಇದರಿಂದ ಏನೂ ಸಾಬೀತಾಗಲ್ಲ. ಬೆರಳು ತೆಗೆದು ಮಾಡಿ."

"ಲೇ," ಎಂದಳು ಅಕ್ಕ.

"ಅಕ್ಕ, ಬೆರಳಿಲ್ಲದೇನೂ ಭಾವ ತಡೆದುಬಿಟ್ರೆ? ಆವಾಗ ಅವರದೇನು ಪಾತ್ರ?"

"ನಿಮ್ಮ ಭಾವ ತಡೀತಾರಾ? ಯಾವ ಲೋಕದಲ್ಲಿದೀಯ ನೀನು?"

ಕೆಳಗೆ ನಮ್ಮವರು ತಲೆಯೆತ್ತಿ ನನ್ನನ್ನು ನೋಡಿದರು. ಬೇಲಿಯ ಮೇಲಿನ ಅದೇ ನಗು. ಕೈ ತೆಗೆದು ದೂರ ಸರಿದು ನಿಂತರು. ಯುವಕ ಬಂದ. ಭಾವ ಬಲಕ್ಕೆ ಹೊರಟರು, ಬಿಲ್ಲೆ ಎಡಕ್ಕೆ ಹೋಯಿತು, ಗೋಲು. ಭಾವ ಎಡಕ್ಕೆ ಹೊರಟರು, ನಿಲ್ಲಲಾಗದೆ ಗೋಡೆಯವರೆಗೂ ಹೋದರು, ಗೋಲು. ಮುಂದಿನ ಸಲ ಎಲ್ಲಿಗೂ ಹೋಗದೆ ಇದ್ದಲ್ಲೇ ಬಿದ್ದರು, ಗೋಲು. ಯುವಕನಿಗೇ ಸಂಕೋಚವಾಗಿ ಅವರನ್ನು ಕೈಹಿಡಿದು ಎಬ್ಬಿಸಿದ.

"ಈಗ ಮತ್ತೆ ಬೆರಳು ಇಡಿ," ಎಂದು ಕೂಗಿದೆ.

ಎರಡು ಬೆರಳು ಭಾವನ ಬೆನ್ನಿಗೆ ಬಂದವು. ಈ ಸಲ ನಾನು ಬಿಲ್ಲೆಯನ್ನು ನೋಡಲಿಲ್ಲ, ಯುವಕನ ಮುಖ ನೋಡಿದೆ. ಅವನ ಕಣ್ಣು ಒಂದು ಜಾಗಕ್ಕೆ ಹೋಗುತ್ತಿತ್ತು, ಅಲ್ಲಿ ನಮ್ಮ ಭಾವ. ಇನ್ನೊಂದು ಜಾಗಕ್ಕೆ ಹೋಗುತ್ತಿತ್ತು, ಅಷ್ಟರಲ್ಲಿ ಅಲ್ಲೂ ನಮ್ಮ ಭಾವ. ಹೊಡೆಯಬೇಕೆಂದು ಅಂದುಕೊಂಡು, ಹೊಡೆಯದೆ ಬಿಟ್ಟ ಹೊಡೆತಗಳು ಒಂದೊಂದಾಗಿ ಆ ಮುಖದ ಮೇಲೆ ಬಂದು ಹೋಗುತ್ತಿದ್ದವು. ಆಗದೇ ಇದ್ದದ್ದಕ್ಕೆ ಸಾಕ್ಷಿ ಏನು ಎಂದು ತಿಂಗಳಿಡೀ ಕೇಳಿದ್ದೆನಲ್ಲ, ಅದು ಅಲ್ಲಿ ಬೆವರುತ್ತಾ ಓಡಾಡುತ್ತಿತ್ತು.

ನಾನು ಮತ್ತೇನೂ ಕೂಗಲಿಲ್ಲ. ಅಕ್ಕ ನನ್ನ ಹಣೆ ಮುಟ್ಟಿ ನೋಡಿದಳು.

ಮತ ಹಾಕಲು ಯಾರೂ ಮೇಲೆ ಹೋಗಲಿಲ್ಲ, ಅಲ್ಲೇ ಚಳಿಯಲ್ಲಿ ನಿಂತು ಕೈ ಎತ್ತಿದರು. ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಕೆಲವರು ಗೋಲು ಹೊಡೆಯುವವನೇ ಬೇಕೆಂದರು. ಕಲಿಯುವ ದೊಡ್ಡವರೆಲ್ಲ ಒಂದೇ ಮನಸ್ಸಿನಿಂದ ನಮ್ಮವರ ಕಡೆ ಎತ್ತಿದರು. ಭಾವನಿಂದಲೇ ಗೋಲು ತಡೆಸಬಲ್ಲವರು ಇನ್ನಾರಿಂದ ಏನನ್ನು ತಾನೆ ಮಾಡಿಸಲಾರರು ಎಂಬುದು ಅವರ ತರ್ಕ. ಅದರಲ್ಲಿ ತೂತಿರಲಿಲ್ಲ. ಕೆಲಸ ನಮ್ಮವರದಾಯಿತು.

"ಲಾಯರ್," ಎಂದರು ಅವರು ಹೊರಗೆ ಕಾರಿನ ಹತ್ತಿರ, "ನೀನು ಯಾರ ಕಡೆ?"

"ನನ್ನ ಕಡೆಯಂತೂ ಅಲ್ಲ," ಎಂದರು ಭಾವ, ಸೊಂಟ ಹಿಡಿದುಕೊಂಡು.

ಮರುದಿನ ಬೆಳಿಗ್ಗೆ ಬೇಲಿಯ ಹತ್ತಿರ ಬಂದದ್ದು ಅವರ ಹೆಂಡತಿ. ಆಸ್ಪತ್ರೆಯ ಪಾಳಿ ಮುಗಿಸಿ ಅದೇ ಬಟ್ಟೆಯಲ್ಲಿದ್ದರು. ಅಲ್ಲಿಯವರೆಗೆ ನಮಗೂ ಅವರಿಗೂ ಕೈ ಬೀಸುವಷ್ಟೇ ಪರಿಚಯ. ಮಜ್ಜಿಗೆ ಸಿಗುತ್ತದಾ ಎಂದು ಕೇಳಿದರು.

"ಅವರೆಲ್ಲಿ?" ಎಂದಳು ಅಕ್ಕ.

"ಮಲಗಿದಾನೆ. ಗೊರಕೆ," ಎಂದು ದೂರು ಹೇಳುವವರಂತೆ ಹೇಳಿ ಸೇರಿಸಿದರು. "ಆಗಸ್ಟಲ್ಲೂ ಹೊಡೀತಾನೆ. ಸೆಪ್ಟೆಂಬರಲ್ಲೂ."

ಅಕ್ಕ ಲೋಟವನ್ನು ಅಂಚಿನವರೆಗೆ ತುಂಬಿ ಕೊಟ್ಟಳು.

ನನ್ನ ಆಕ್ಷೇಪ ಇನ್ನೂ ಪೂರ್ತಿ ಮುಗಿದಿಲ್ಲ. ಒಬ್ಬ ಭಾವನ ಮೇಲೆ ಮಾಡಿದ ಪ್ರಯೋಗದಿಂದ ಇಷ್ಟು ದೊಡ್ಡ ತೀರ್ಮಾನಕ್ಕೆ ಬರಬಾರದು ಎಂದು ಬೇಲಿಯ ಮೇಲೆ ಅವರಿಗೆ ಹೇಳಿದೆ. ಹಾಗಾದರೆ ನೀನೂ ಬಾ, ಎರಡಾಗುತ್ತದೆ ಎಂದರು. ಒಪ್ಪಿಕೊಂಡೆ. ಈಗ ಶನಿವಾರಗಳಂದು ಭಾವನ ಹಿಂದೆ ನಾನೂ ಗೋಡೆ ಹಿಡಿದುಕೊಂಡು ಸಾಗುತ್ತೇನೆ. ಶಿಫ್ಟ್ ಮುಗಿದಾಗ ಅಲ್ಲಿ ಸೀಟಿ ಊದುವುದಿಲ್ಲ. ಕೋಚ್ ಬೆಂಚಿನ ಮೇಲಿಟ್ಟ ಸ್ಟೀಲ್ ಲೋಟಕ್ಕೆ ಚಮಚದಿಂದ ಬಡಿಯುತ್ತಾರೆ. ಮಕ್ಕಳು, ಸಾಫ್ಟ್‌ವೇರಿನವರು, ಎಲ್ಲರೂ ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಬಂದು ಕೂರುತ್ತಾರೆ.

ನಾವು ಬೂಟಿನ ಚೀಲ ಹೆಗಲಿಗೇರಿಸಿ ಹೊರಡುವಾಗಲೆಲ್ಲ ಅಡುಗೆಮನೆಯಿಂದ ಅಕ್ಕನ ದನಿ ಬರುತ್ತದೆ.

"ಹೋಗೋರು ಹೋಗ್ತೀರ, ಇವತ್ತಾದ್ರೂ ನನ್ನ ಲೋಟ ತಗೊಂಡು ಬನ್ನಿ."